ಕೆಳಗಿನ ಬಾಯಿ

ಮನೆ ಪಾಲಾದ ದಿನ ಗುಮ್ಮಿಯ ಅಪ್ಪ ಎತ್ತರದ ಪಾಲು ಆರಿಸಿಕೊಂಡ. ಬೀದಿಯವರ ಬಾಯಲ್ಲಿ ನಗೆಪಾಟಲಾಗಲು ಅಷ್ಟು ಸಾಕಾಯಿತು.

ಮನೆ ಅಂದರೆ ಬೀದಿಗುಂಟ ಉದ್ದಕ್ಕೆ ಹರಡಿದ ಒಂದೇ ಸೂರು. ಒಂದು ತುದಿ ಎತ್ತರ, ಇನ್ನೊಂದು ತುದಿ ತಗ್ಗು. ನಡುವೆ ಗೋಡೆ ಎಬ್ಬಿಸಿದರೆ ಎರಡು ಮನೆ. ಅಪ್ಪನದು ತಗಡಿನ ಕೆಲಸ. ಆಳುದ್ದದ ಶೀಟು ನಿಲ್ಲಿಸಿ ಬಗ್ಗಿಸುವವನಿಗೆ ಎತ್ತರದ ಮಾಡು ಬೇಕು. "ನಂಗೆ ಎತ್ತರದ್ದು ಇರಲಿ ಅಣ್ಣ" ಅಂದ. ದೊಡ್ಡಪ್ಪ ಚೌಕಾಸಿ ಮಾಡದೆ ತಲೆಯಾಡಿಸಿದ. ಜೀವಮಾನದಲ್ಲಿ ಅವನು ಚೌಕಾಸಿ ಮಾಡದೆ ಒಪ್ಪಿದ್ದು ಅದೊಂದೇ ಮಾತು. ಆಗಲೇ ಅನುಮಾನ ಬರಬೇಕಿತ್ತು. ಪಾತ್ರೆ ಪಡಗ, ಮಂಚ, ಒರಳು, ಮುರಿದ ಕುರ್ಚಿ ಎಲ್ಲಾ ಹಂಚಿಕೊಂಡರು. ಸೂರಿನ ಇಳಿಜಾರು ಯಾವ ಕಡೆಗಿದೆ ಎಂದು, ಊರಿನ ಸೂರಂಚಿಗೆಲ್ಲ ಮಳೆನೀರು ಹರಿಯುವ ದೋಣಿ ಕಟ್ಟಿಕೊಟ್ಟ ಮನುಷ್ಯನಿಗೆ ಹೊಳೆಯಲೇ ಇಲ್ಲ. ಆಗ ನಲ್ಲಿಯಲ್ಲಿ ದಿನಾ ನೀರು ಬರುತ್ತಿತ್ತು. ಸೂರಿನ ನೀರನ್ನು ಯಾರು ಕೇಳುತ್ತಿದ್ದರು?

ಕಡೆಗೆ ಅಜ್ಜಿ ಒಂದು ಮಾತು ಹೇಳಿ ಮುಗಿಸಿದಳು. "ಸೂರು ಇಬ್ಬರದ್ದು. ಸೂರಿನ ಕೆಳಗಿದ್ದದ್ದು ಅವರವರದ್ದು. ನಾನು ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಏಳಿ, ಅನ್ನ ಆರ್ತಾ ಇದೆ."

ಆಮೇಲೆ ಮಳೆಗೆ ಏನೋ ಆಯಿತು. ಮುಂಚೆ ವಾರಗಟ್ಟಲೆ ಜಿಟಿಜಿಟಿ ಹಿಡಿಯುತ್ತಿದ್ದದ್ದು ಈಗ ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ. ಬಂದರೆ ಹಂಡೆ ಬೋರಲು ಹಾಕಿದ ಹಾಗೆ ಒಂದೇ ಏಟಿಗೆ ಸುರಿದು, ಬೀದಿಯ ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಮನೆಯೊಳಗಿನ ನಲ್ಲಿ ಒಣಗಿತು. ಬೀದಿಯ ನಲ್ಲಿಗೆ ಯಾವಾಗ ನೀರು ಬರುತ್ತದೆಂದು ನೀರು ಬಿಡುವವನಿಗೇ ಗೊತ್ತಿರಲಿಲ್ಲ. ಅಮ್ಮನಿಗೆ ಸೊಂಟನೋವು, ಅಪ್ಪನಿಗೆ ಕೆಲಸ. ಸಾಲಿನಲ್ಲಿ ಕೊಡ ಇಟ್ಟು ಕಾಯಲು ಒಬ್ಬರು ಬೇಕು. ಗುಮ್ಮಿಯ ಶಾಲೆ ನಿಂತದ್ದು ಹಾಗೆ. ಯಾರೂ ಬಿಡಿಸಲಿಲ್ಲ. ಇವತ್ತೊಂದು ದಿನ, ನಾಳೆ ಒಂದು ದಿನ ಎಂದು ತಾನಾಗಿ ಬಿಟ್ಟುಹೋಯಿತು.

ಗುಮ್ಮಿ ಎಂಬುದೂ ಅವಳ ಹೆಸರಲ್ಲ. "ಬಾಯಿ ಬಿಡಲ್ಲ, ಕಣ್ಣು ಮಾತ್ರ ಎಲ್ಲಾ ಕಡೆ. ಗುಮ್ಮನಗುಸುಕಿ!" ಎಂದು ದೊಡ್ಡಮ್ಮ ಇಟ್ಟದ್ದು. ಬೀದಿ ಅದನ್ನು ಕತ್ತರಿಸಿ ಗುಮ್ಮಿ ಮಾಡಿತು.

ದೊಡ್ಡಪ್ಪನ ಮಗ ಸೋಲಾರ್ ಪಂಪು, ನೀರಿನ ಫಿಲ್ಟರು ಮಾರುವ ಅಂಗಡಿಯಲ್ಲಿದ್ದ. ಎಲ್ಲರೂ ಅವನನ್ನು ಫಿಲ್ಟರಣ್ಣ ಎನ್ನುತ್ತಿದ್ದರು. ಅವನು ತಮ್ಮ ಅಂಗಳದಲ್ಲಿ ದೊಡ್ಡ ಸಂಪು ತೋಡಿಸಿ, ತಗ್ಗಿನ ಸೂರಂಚಿಗೆ ಗುಮ್ಮಿಯ ಅಪ್ಪನ ಕೈಯಲ್ಲೇ ತಗಡಿನ ದೋಣಿ ಕಟ್ಟಿಸಿ, ಇಡೀ ಸೂರಿನ ಮಳೆನೀರು ಸಂಪಿಗೆ ಇಳಿಯುವಂತೆ ಮಾಡಿದ. ಬಿಸಿಲಿನಲ್ಲಿ ಓಡುವ ಪಂಪು, ಅದಕ್ಕೊಂದು ಫಿಲ್ಟರು, ಬೀದಿಗೆ ಮುಖ ಮಾಡಿದ ಒಂದು ನಲ್ಲಿ. ಒಳ್ಳೆಯ ಕೆಲಸವೇ. ಆದರೆ ನಲ್ಲಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತವನು ದೊಡ್ಡಪ್ಪ. ಮೇಲೆ ಒಂದು ಬೋರ್ಡು: "ಮುಗಿಲ ಹನಿ. ಶುದ್ಧ ಮಳೆನೀರು." ಕ್ಯಾನು ತಂದವರಿಗೆ ಕಾಸಿಗೆ ನೀರು. ತಮ್ಮನ ಮನೆಯವರಿಗೂ ಕಾಸಿಗೇ.

"ನಮ್ಮ ಸೂರಿನ ನೀರನ್ನ ನಮಗೇ ಮಾರ್ತಾರಲ್ಲ ನಿಮ್ಮಣ್ಣ!" ಅಮ್ಮ ಊಟಕ್ಕೆ ಬಡಿಸುತ್ತಾ ಅಂದಳು. ಆ ಮನೆಯಲ್ಲಿ ಊಟ ಎಂದರೆ ಪಾತ್ರೆ ಕಡಿಮೆ ಮುಸುರೆಯಾಗುವ ಊಟ. ಅಕ್ಕಿ ತೊಳೆದ ನೀರಿನಲ್ಲಿ ತರಕಾರಿ ತೊಳೆದು, ಆ ನೀರಿನಲ್ಲಿ ನೆಲ ಒರೆಸುತ್ತಿದ್ದರು. ಅಪ್ಪ ಮಗಳು ಒಂದೇ ತಟ್ಟೆ.

"ಸೂರಿನ ಕೆಳಗಿದ್ದದ್ದು ಅವರವರದ್ದು ಅಂತ ಆಗಿದೆಯಲ್ಲ," ಅಂದ ಅಪ್ಪ.

"ಹಾಗಾದ್ರೆ ಎತ್ತರದ ಮನೇಲಿ ನಿಂತ್ಕೊಂಡು ಗಾಳಿ ಕುಡೀರಿ."

ಅಪ್ಪ ತಟ್ಟೆಯ ಅಂಚಿಗೆ ಬೆರಳು ಒರೆಸಿ ಎದ್ದ.

*

ಬೇಸಿಗೆ ಬಲಿತಾಗ ಅಮ್ಮನಿಗೆ ಜ್ವರ ಬಂತು. ಬೀದಿಯ ನಲ್ಲಿಯ ಸದ್ದೇ ಇರಲಿಲ್ಲ. ಹಂಡೆಯ ತಳದಲ್ಲಿದ್ದದ್ದನ್ನು ಗುಮ್ಮಿ ಬಟ್ಟೆ ಅದ್ದಿ ಅಮ್ಮನ ಹಣೆಗೆ ಹಾಕಿ ಮುಗಿಸಿದ್ದಳು. ಅಪ್ಪ ಕೆಲಸಕ್ಕೆ ಹೋಗಿದ್ದ. ಅವಳು ಕೊಡ ಹಿಡಿದು ಪಕ್ಕದ ಅಂಗಳಕ್ಕೆ ಹೋದಳು. ದೊಡ್ಡಪ್ಪ ಊಟಕ್ಕೆ ಒಳಗೆ ಹೋಗಿದ್ದ, ಕುರ್ಚಿಯಲ್ಲಿ ದೊಡ್ಡಮ್ಮ. ಹಿಂದೆ ಕ್ಯಾನು ಹಿಡಿದ ಐದಾರು ಮಂದಿ.

"ದೊಡ್ಡಮ್ಮ, ಅಮ್ಮಂಗೆ ಜ್ವರ. ಒಂದು ಕೊಡ ಹಿಡ್ಕೋತೀನಿ. ಅಪ್ಪ ಬಂದ ಮೇಲೆ ಕೊಡ್ತಾನೆ."

ದೊಡ್ಡಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಗುಮ್ಮಿ ಕೊಡ ತುಂಬಿಸಿ ಸೊಂಟಕ್ಕೆ ಏರಿಸಿಕೊಂಡಳು. ಎರಡು ಹೆಜ್ಜೆ ಇಟ್ಟಿರಬಹುದು. ಹಿಂದಿನಿಂದ ಬಂದ ದೊಡ್ಡಮ್ಮ ಅವಳ ಸೊಂಟದಿಂದ ಕೊಡ ಕಿತ್ತುಕೊಂಡು, ಸಂಪಿನ ಮುಚ್ಚಳ ಸರಿಸಿ, ಎಲ್ಲರೆದುರು ವಾಪಸು ಸುರಿದಳು. ಕೊಡ ಗುಳುಗುಳು ಎಂದಿತು.

"ಇವತ್ತು ಹೀಗೇ ಕೊಟ್ಟರೆ ನಾಳೆ ಅಭ್ಯಾಸ ಆಗತ್ತೆ" ಎಂದು ಖಾಲಿ ಕೊಡವನ್ನು ಅವಳ ಕೈಗಿಟ್ಟಳು.

ಸಾಲಿನಲ್ಲಿದ್ದವರೊಬ್ಬರು ಕೆಮ್ಮಿದರು. ಯಾರೋ ನಕ್ಕರು. ಇಸ್ತ್ರಿ ಅಂಗಡಿಯಾಕೆ ಮಾತ್ರ ಆಮೇಲೆ ತನ್ನ ಕ್ಯಾನಿನಿಂದ ಒಂದು ಚೊಂಬು ಬಗ್ಗಿಸಿಕೊಟ್ಟಳು. ಗುಮ್ಮಿ ಅದನ್ನು ಅಮ್ಮನಿಗೆ ಕುಡಿಸಿದಳು. ಏನಾಯಿತೆಂದು ಅಮ್ಮನಿಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಅಳಲೂ ಇಲ್ಲ. ಆದರೆ ಆ ಗುಳುಗುಳು ಸದ್ದು ಅವಳ ಕಿವಿಯಿಂದ ಇಳಿಯಲಿಲ್ಲ. ರೊಟ್ಟಿ ಸುಡುವಾಗ, ಕಸ ಗುಡಿಸುವಾಗ, ಬೀದಿಯ ನಲ್ಲಿಯ ಸಾಲಿನಲ್ಲಿ ಕೂತಾಗ ಅದೇ ಕೇಳುತ್ತಿತ್ತು. ದೊಡ್ಡಪ್ಪನ ನಲ್ಲಿ ಒಂದು ದಿನ ಒಣಗಬೇಕು, ದೊಡ್ಡಮ್ಮನ ಸೊಂಟದ ಮೇಲೆ ಖಾಲಿ ಕೊಡ ನೋಡಬೇಕು. ಅದನ್ನು ಬಿಟ್ಟು ಅವಳಿಗೆ ಬೇರೆ ಏನೂ ಬೇಕಾಗಿರಲಿಲ್ಲ.

ಮಾರನೆಯ ವಾರದಿಂದ ಸೂರಿನ ಮೇಲೆ ಪಾರಿವಾಳಗಳು ಹೆಚ್ಚಾದವು.

*

"ಡಬ್ಬೀಲಿದ್ದ ನುಚ್ಚಕ್ಕಿ ಎಲ್ಲಿ?" ಅಮ್ಮ ಕೇಳಿದಳು. ಜ್ವರ ಬಿಟ್ಟು ಅಡುಗೆಮನೆಗೆ ಬಂದ ಮೊದಲ ದಿನವೇ ಅವಳಿಗೆ ಕಂಡದ್ದು ಅದು.

"ಹುಳ ಬಿದ್ದಿತ್ತು. ಹಕ್ಕಿಗೆ ಹಾಕಿದೆ."

"ಹಕ್ಕಿಗೆ! ಮನೇಲಿರೋ ಮೂರು ಹೊಟ್ಟೆಗೇ ಇಲ್ಲ, ಇವಳು ದಾನಶೂರೆ. ಹುಳ ಬಿದ್ದಿದ್ರೆ ಆರಿಸಿ ತಿಂತಿದ್ವಿ."

ಅಪ್ಪ ತಲೆ ಎತ್ತಿದ. "ಹಾಕ್ಲಿ ಬಿಡೇ. ಈ ಬಿಸಿಲಲ್ಲಿ ಅವಕ್ಕೂ ಏನು ಸಿಗತ್ತೆ?"

ಗುಮ್ಮಿ ದಿನಾ ಬೆಳಿಗ್ಗೆ ಅಟ್ಟದ ಕಿಟಕಿಯಿಂದ ಕೈ ಚಾಚಿ ಒಂದು ಹಿಡಿ ಎರಚುತ್ತಿದ್ದಳು. ನುಚ್ಚು, ಒಣಗಿದ ಬ್ರೆಡ್ಡಿನ ಪುಡಿ, ಗಿರಣಿಯ ಮುಂದೆ ಗುಡಿಸಿ ತಂದ ಕಾಳು. ಮೊದಲು ನಾಲ್ಕು ಬಂದವು. ಆಮೇಲೆ ತಮ್ಮ ನೆಂಟರಿಷ್ಟರನ್ನೆಲ್ಲ ಕರೆತಂದವು. ಬಿಸಿಲಿಗೆ ಕಾದ ಶೀಟಿನ ಮೇಲೆ ಅವು ಗುಟುರು ಹಾಕುತ್ತಾ ಓಡಾಡುವಾಗ ಮನೆಯೊಳಗೆ ಟಪಟಪ ಸದ್ದು. ಸೂರು ನೋಡನೋಡುತ್ತ ಬೆಳ್ಳಗಾಯಿತು. ದೊಡ್ಡಪ್ಪ ಕುರ್ಚಿಯಲ್ಲಿ ಕೂತು ನೋಡುವುದು ಬೀದಿಯನ್ನು. ತಲೆಯ ಮೇಲೆ ಏನಿದೆಯೆಂದು ನೋಡುವ ಅಭ್ಯಾಸ ಅವನಿಗಿರಲಿಲ್ಲ.

ಅದೇ ಹೊತ್ತಿಗೆ ಅವನ ಸೂರಂಚಿನ ದೋಣಿ ತುಕ್ಕು ಹಿಡಿದು ತಳ ಕಳಚಿತು. ಮಳೆಗಾಲ ಹತ್ತಿರ. ದೊಡ್ಡಪ್ಪ ವರ್ಷದಲ್ಲಿ ಮೊದಲ ಸಲ ತಮ್ಮನ ಮನೆಯ ಹೊಸ್ತಿಲು ದಾಟಿ ಬಂದ.

"ಏನಪ್ಪಾ ತಮ್ಮ, ಹೇಗಿದ್ದೀಯಾ? ಆ ದೋಣಿ ಒಂದಿಷ್ಟು ನೋಡಪ್ಪ. ನೀನೇ ಕಟ್ಟಿದ್ದು, ನೀನೇ ಸರಿ ಮಾಡ್ಬೇಕು."

"ಹೊಸದೇ ಹಾಕ್ಬೇಕು ಅಣ್ಣ. ತಗಡಿಗೆ ದುಡ್ಡಾಗತ್ತೆ."

"ಅಣ್ಣತಮ್ಮಂದಿರಲ್ಲಿ ಎಂಥಾ ದುಡ್ಡು!" ಎಂದು ನಕ್ಕ ದೊಡ್ಡಪ್ಪ.

ಒಳಗಿದ್ದ ಅಮ್ಮ ಲೋಟವನ್ನು ನೆಲಕ್ಕೆ ಕುಕ್ಕಿದಳು. ಅದೇ ಅವಳ ಉತ್ತರ.

ಅವತ್ತು ಊಟಕ್ಕೆ ಕೂತಾಗ ಗುಮ್ಮಿ ಬಾಯಿ ಬಿಟ್ಟಳು. "ಅಪ್ಪಾ, ಸೂರು ಇಬ್ಬರದ್ದು ಅಂತ ಅಜ್ಜಿ ಹೇಳಿದ್ದಳಲ್ಲ. ದೋಣಿ ಇರೋದು ಸೂರಿನ ಅಂಚಲ್ಲಿ. ಅದು ಸೂರೋ, ಸೂರಿನ ಕೆಳಗಿದ್ದದ್ದೋ?"

ಅಪ್ಪ ಯೋಚಿಸಿದ. "ಸೂರೇ."

"ಹಾಗಾದ್ರೆ ದೋಣೀಲಿರೋ ಅಷ್ಟು ಹೊತ್ತು ನೀರು ಇಬ್ಬರದ್ದು. ನೀನು ದೋಣಿ ಸುಮ್ಮನೆ ಹಾಕಿಕೊಡು, ದುಡ್ಡು ಕೇಳ್ಬೇಡ. ತುದೀಗೆ ಒಂದು ಎತ್ತರದ ಡಬ್ಬ ಕೂರಿಸು. ಡಬ್ಬಕ್ಕೆ ಎರಡು ಬಾಯಿ. ಒಂದರಿಂದ ಅವರ ಸಂಪಿಗೆ, ಇನ್ನೊಂದರಿಂದ ಗೋಡೆಗುಂಟ ಪೈಪು ಹಾಕಿ ನಮ್ಮ ತೊಟ್ಟಿಗೆ."

"ಎರಡೂ ಬಾಯಿ ಒಂದೇ ಮಟ್ಟಕ್ಕೆ ಇಟ್ಟರೆ ಅರ್ಧ ಅರ್ಧ ಆಗತ್ತೆ. ಸರಿ."

"ಒಂದೇ ಮಟ್ಟಕ್ಕೆ ಬೇಡ. ಒಂದು ಕೆಳಗಿರಲಿ, ಒಂದು ಮೇಲಿರಲಿ. ಯಾವುದು ಬೇಕೋ ದೊಡ್ಡಪ್ಪನೇ ಆರಿಸಿಕೊಳ್ಳಲಿ."

"ಕೆಳಗಿನದಕ್ಕೆ ಮೊದಲು ನೀರು ಹೋಗತ್ತಲ್ಲೇ! ಡಬ್ಬ ತುಂಬಿದ ಮೇಲಷ್ಟೇ ಮೇಲಿನ ಬಾಯಿಗೆ. ಅಣ್ಣ ಕೆಳಗಿನದನ್ನೇ ಆರಿಸ್ತಾನೆ."

"ಆರಿಸ್ಲಿ. ಅವರಿಗೆ ಹೆಚ್ಚು ಕಾಣಬೇಕು. ಇಲ್ಲದಿದ್ರೆ ಒಪ್ಪಲ್ಲ."

"ನಿನಗೆ ಬುದ್ಧಿ ಇದೆಯಾ?" ಅಮ್ಮ ರೇಗಿದಳು. "ಮಿಕ್ಕಿದ್ದು ಉಳಿದಿದ್ದು ನಮಗೆ. ಅಪ್ಪ ಒಂದು ಸಲ ತಪ್ಪು ಆರಿಸಿದ್ದು ಸಾಲದು ಅಂತ ಈಗ ಮಗಳು."

ಗುಮ್ಮಿ ತಟ್ಟೆಯಲ್ಲಿ ಉಳಿದ ಅನ್ನವನ್ನು ಒಟ್ಟು ಮಾಡುತ್ತಾ, "ಬೇಳೆ ತೊಳೆಯುವಾಗ ಕಲ್ಲು ಎಲ್ಲಿ ಕೂರತ್ತೆ ಅಮ್ಮ?" ಅಂದಳು. ಆಮೇಲೆ ತಟ್ಟೆ ಎತ್ತಿಕೊಂಡು ಹೋದಳು.

ಅಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅವನು ಮಾಡಿನ ಕಡೆ ನೋಡಿದ. ಮೇಲೆ ಟಪಟಪ ಸದ್ದು. ಏನೂ ಕೇಳದೆ ತುತ್ತು ನುಂಗಿದ.

*

ಡಬ್ಬ ಚೆನ್ನಾಗಿ ಬಂತು. ಅಪ್ಪ ಕೈಯಾರೆ ಬಗ್ಗಿಸಿ, ಅಂಚು ಮಡಿಸಿ, ಬೆಸುಗೆ ಹಾಕಿದ್ದ. ದೊಡ್ಡಪ್ಪನ ಅಂಗಳದಲ್ಲಿ ಅದನ್ನು ನಿಲ್ಲಿಸಿ, ಕೊಡದಿಂದ ನೀರು ಹೊಯ್ದು ತೋರಿಸಿದ. ಅಜ್ಜಿ ಜಗಲಿಯಲ್ಲಿ ಕೂತಿದ್ದಳು. ಆ ತಿಂಗಳು ಅವಳು ದೊಡ್ಡ ಮಗನ ಪಾಲಿಗೆ. ಕಣ್ಣಿಗೆ ಪೊರೆ ಬಂದು ಅವಳಿಗೆ ಮನುಷ್ಯರೆಲ್ಲ ಹೊಗೆಯ ಹಾಗೆ ಕಾಣುತ್ತಿದ್ದರು.

"ಸೂರು ಇಬ್ಬರದ್ದು ಅಂತ ಅಮ್ಮ ಹೇಳಿದ್ದು ಬೀದಿಗೆಲ್ಲ ಗೊತ್ತು ಅಣ್ಣ. ದೋಣಿ, ಡಬ್ಬ ಎಲ್ಲಾ ನನ್ನ ಲೆಕ್ಕದ್ದು. ಒಂದು ಬಾಯಿ ನಿಂದು, ಒಂದು ನಂದು. ನೀನೇ ಆರಿಸ್ಕೋ."

ಪುಕ್ಕಟೆ ದೋಣಿ ಎಂದಾಗಲೇ ದೊಡ್ಡಪ್ಪ ಅರ್ಧ ಒಪ್ಪಿದ್ದ. ಕೆಳಗಿನ ಬಾಯಿಂದ ನೀರು ಸುರಿಯುವುದನ್ನೂ ಮೇಲಿನದು ಒಣಗಿ ನಿಂತದ್ದನ್ನೂ ನೋಡಿ ಅವನ ಮುಖ ಅರಳಿತು.

"ಹಿರಿಯರಿಗೆ ಮೊದಲು ಅನ್ನೋದು ಇದೆಯಲ್ಲಪ್ಪ. ಊಟದಲ್ಲೂ ಅಷ್ಟೇ, ನೀರಲ್ಲೂ ಅಷ್ಟೇ. ಕೆಳಗಿನದು ನಂಗಿರಲಿ."

"ಅಪ್ಪಾ, ಬೇಡ," ಫಿಲ್ಟರಣ್ಣ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟ. "ಮೊದಲ ನೀರು ಕೊಳೆ. ಅದಕ್ಕೇ ನಾನು ಪ್ರತಿ ಸಲ ಕಿಂಡಿ ತೆಗೆದು ಹೊರಗೆ ಬಿಡ್ತಿದ್ದೆ. ಅದರ ಮೇಲೆ ತಳದ ಬಾಯಿ ಬೇರೆ..."

"ನೀನು ಸುಮ್ನಿರೋ! ನಿನ್ನ ಮಾತು ಕೇಳಿ ವರ್ಷಾ ವರ್ಷ ಅಷ್ಟು ನೀರು ಚರಂಡಿಗೆ ಹೋಗಿದೆ. ಬಂದದ್ದನ್ನ ಬೀದಿಗೆ ಬಿಡೋದು ಎಂಥಾ ಬುದ್ಧಿವಂತಿಕೆ? ತಮ್ಮಾ, ಆ ಕಿಂಡಿಗಿಂಡಿ ಏನೂ ಬೇಡ."

"ಈಗಿನ ಮಳೆ ಮುಂಚಿನ ಹಾಗಲ್ಲ ಅಪ್ಪಾ. ಡಬ್ಬ ಕ್ಷಣದಲ್ಲಿ ತುಂಬಿ..."

"ಮಳೆ ನೋಡೋದು ನಿನ್ನಿಂದ ಕಲೀಬೇಕಾ ನಾನು? ಜಿಟಿಜಿಟಿ ಮಳೆಗೆ ಆ ಡಬ್ಬ ತುಂಬೋಷ್ಟರಲ್ಲಿ ಇವನ ಮಗಳಿಗೆ ಮಕ್ಕಳಾಗಿರ್ತಾವೆ." ದೊಡ್ಡಪ್ಪ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಗುಮ್ಮಿಯನ್ನು ನೋಡಿ ನಗು ನಿಲ್ಲಿಸಿದ. "ಇನ್ನೊಂದು ಮಾತು. ಗುಸುಕಿ ಕೈ ಹಾಕಿ ನನ್ನ ಬಾಯಿಗೆ ಬಟ್ಟೆ ತುರುಕಿದ್ರೆ? ಡಬ್ಬದಿಂದ ನನ್ನ ಸಂಪಿನವರೆಗೆ ಎಲ್ಲಾ ಬೆಸುಗೆ ಹಾಕಿ ಮುಚ್ಚಿಬಿಡು. ನಾನೂ ಮುಟ್ಟಲ್ಲ, ನೀವೂ ಮುಟ್ಟಬಾರದು."

"ನಮ್ಮ ಕಡೆ ಪೈಪಿನ ತುದಿ?" ಅಪ್ಪ ಕೇಳಿದ.

"ಅದು ನಿನ್ನ ಸೂರಿನ ಕೆಳಗೆ. ಏನಾದ್ರೂ ಮಾಡ್ಕೋ."

ಫಿಲ್ಟರಣ್ಣ ಸೂರಿನ ಕಡೆ ಕಣ್ಣೆತ್ತಿದ. ಪಾರಿವಾಳಗಳು ಸಾಲಾಗಿ ಕೂತಿದ್ದವು. ಅಲ್ಲಿಂದ ಅವನ ಕಣ್ಣು ನಿಧಾನವಾಗಿ ಇಳಿದು ಗುಮ್ಮಿಯ ಮುಖಕ್ಕೆ ಬಂತು. ಇನ್ನೊಂದು ಮಾತು ಆಡಿದರೆ ಎಲ್ಲಾ ಮುಗಿದಂತೆ. ಅವನು ಬಾಯಿ ತೆರೆದ.

"ಏನೋ ಇನ್ನೂ? ಅಂಗಡಿಗೆ ಹೊತ್ತಾಗಲಿಲ್ವಾ ನಿಂಗೆ?" ದೊಡ್ಡಪ್ಪ ಗದರಿದ.

ಫಿಲ್ಟರಣ್ಣ ಬಾಯಿ ಮುಚ್ಚಿದ. ಲೋಟದಲ್ಲಿ ಉಳಿದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿ, ಚೀಲ ಹೆಗಲಿಗೇರಿಸಿ ಹೊರಟ. ದೂರದ ಊರುಗಳಲ್ಲಿ ಪಂಪು ಕೂರಿಸುವ ಕೆಲಸ ಬಂದಿದೆ, ಬರುವುದು ತಡ ಎಂದು ಹೋಗುವಾಗ ಹೇಳಿದ. ಯಾರಿಗೆ ಹೇಳಿದನೋ ಗೊತ್ತಾಗಲಿಲ್ಲ.

ಅಪ್ಪ ಇಡೀ ಮಧ್ಯಾಹ್ನ ಕೂತು ಬೆಸುಗೆ ಹಾಕಿದ. ಒಂದು ಸೂಜಿಗೂ ಜಾಗ ಬಿಡಲಿಲ್ಲ.

*

ಎರಡು ದಿನ ಬಿಟ್ಟು ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಗುಮ್ಮಿಯ ಪಕ್ಕ ಕೂತಳು. ಗುಮ್ಮಿ ಬೇಳೆ ಆರಿಸುತ್ತಿದ್ದಳು.

"ಪಾರಿವಾಳದ ಮೇಲೆ ಇಷ್ಟು ಪ್ರೀತಿ ಯಾವಾಗಿಂದ ಕೂಸೇ?"

ಗುಮ್ಮಿಯ ಕೈ ನಿಂತಿತು.

"ಕಣ್ಣು ಹೋಗಿದೆ, ಕಿವಿ ಇದೆ. ಬೆಳಿಗ್ಗೆ ನಿನ್ನ ಅಟ್ಟದ ಕಿಟಕಿ ಕಿರ್ ಅನ್ನತ್ತೆ, ಆಮೇಲೆ ರೆಕ್ಕೆ ಸದ್ದು. ಅವತ್ತು ಕೊಡ ಸುರಿದ ಸದ್ದೂ ಕೇಳಿತ್ತು. ಒಳಗೆ ಊಟಕ್ಕೆ ಕೂತಿದ್ದೆ. ತುತ್ತು ಇಳೀಲಿಲ್ಲ."

"ಕೇಳಿದ್ರೂ ಸುಮ್ನಿದ್ದೆ."

"ಅವಳ ಕೈಯ ಅನ್ನ ತಿನ್ನುವ ತಿಂಗಳು ಅದು. ಸುಮ್ನಿದ್ದೆ." ಅಜ್ಜಿ ತಡೆದು ತಡೆದು ಹೇಳಿದಳು. "ಬೀದಿಯವರು ಆ ನೀರು ಕುಡಿದ್ರೆ?"

"ಬಣ್ಣ ನೋಡಿದ ಮೇಲೆ ಯಾರು ಕುಡೀತಾರೆ ಅಜ್ಜಿ?"

"ನಾನು ಕುಡೀತೀನಿ. ನಂಗೆ ಬಣ್ಣ ಎಲ್ಲಿ ಕಾಣತ್ತೆ?"

ಗುಮ್ಮಿ ಇಷ್ಟು ದಿನ ಎಲ್ಲವನ್ನೂ ಯೋಚಿಸಿದ್ದಳು, ಇದನ್ನು ಯೋಚಿಸಿರಲಿಲ್ಲ. ಮೊರ ಕೆಳಗಿಟ್ಟಳು. "ಹಾಗಾದ್ರೆ ಈ ಕಡೆ ಬಂದುಬಿಡು."

"ನನ್ನ ತಿಂಗಳು ಇನ್ನೂ ಮುಗಿದಿಲ್ಲವಲ್ಲ."

"ಜಗಳ ಆಡ್ಕೊಂಡು ಬಾ."

ಅಜ್ಜಿಯ ಬೊಚ್ಚುಬಾಯಿ ಅಗಲವಾಯಿತು. "ಗುಮ್ಮನಗುಸುಕಿ ಅಂತ ಸುಮ್ನೆ ಇಟ್ಟಿಲ್ಲ ಹೆಸರು."

ಅವತ್ತು ಊಟದ ಹೊತ್ತಿಗೆ ಗೋಡೆಯಾಚೆ ಗಲಾಟೆ. "ಇದು ಪಲ್ಯಾನಾ, ಉಪ್ಪಿನ ಮೂಟೇನಾ? ನನ್ನನ್ನ ಸಾಯಿಸೋಕೆ ಇದೊಂದೇ ದಾರಿ ಉಳಿದಿತ್ತಾ ನಿಂಗೆ?" ದೊಡ್ಡಮ್ಮನ ದನಿ ಅದಕ್ಕಿಂತ ಜೋರು: "ನಲವತ್ತು ವರ್ಷದಿಂದ ಇದೇ ಕೈಯಲ್ಲಿ ತಿಂದಿದ್ದೀರಿ!" "ಅದಕ್ಕೇ ಕಣ್ಣು ಹೋಯ್ತು!" ಸ್ವಲ್ಪ ಹೊತ್ತಿಗೆ ಅಜ್ಜಿ ತನ್ನ ಗಂಟು, ತಲೆದಿಂಬು, ಎಲೆಅಡಿಕೆ ಕುಟ್ಟುವ ಕುಟ್ಟಾಣಿ ಸಮೇತ ಬಂದು ಬಾಗಿಲಲ್ಲಿ ನಿಂತಳು. ಅಮ್ಮ ಹಣೆ ಚಚ್ಚಿಕೊಂಡಳು. "ಇರೋ ನೀರಿಗೆ ಇನ್ನೊಂದು ಬಾಯಿ!"

*

ಮೊದಲು ಬಂದದ್ದು ಒಂದು ಹನಿಮಳೆ. ಶೀಟಿನ ಧೂಳು ತೊಳೆಯುವಷ್ಟೂ ಇರಲಿಲ್ಲ. ಕೆಳಗಿನ ಬಾಯಿಂದ ಬೆರಳಿನಷ್ಟು ಧಾರೆ ಸಂಪಿಗೆ ಇಳಿಯಿತು. ಮೇಲಿನ ಬಾಯಿ ಒಣಗಿಯೇ ಉಳಿಯಿತು. ದೊಡ್ಡಪ್ಪ ಸಂಪಿನ ಮುಚ್ಚಳಕ್ಕೆ ಕಿವಿ ಇಟ್ಟು ಕೇಳಿ, ಗೋಡೆಯಾಚೆ ಕೂಗಿದ: "ತಮ್ಮಾ, ತೊಟ್ಟಿ ತುಂಬಿತೇನೋ?"

ದೊಡ್ಡಮ್ಮ ನಕ್ಕದ್ದು ಎರಡು ಮನೆಗೂ ಕೇಳಿಸಿತು.

ಅಮ್ಮ ಅವತ್ತು ಒಲೆ ಹಚ್ಚಲಿಲ್ಲ. "ಅಪ್ಪ ಮಗಳು ಸೇರಿ ತಗಡು ಕೊಟ್ಟು ನಗೆ ಕೊಂಡ್ಕೊಂಡು ಬಂದ್ರಿ. ಅದನ್ನೇ ತಿನ್ನಿ." ನಾಲ್ವರೂ ಬ್ರೆಡ್ಡು ತಿಂದು ಮಲಗಿದರು. ಗುಮ್ಮಿ ತನ್ನ ಬ್ರೆಡ್ಡಿನ ಅಂಚು ಕಿತ್ತು ಜೇಬಿಗೆ ಹಾಕಿಕೊಂಡಳು. ಬೆಳಿಗ್ಗೆ ಕಿಟಕಿ ಕಿರ್ ಅಂದಿತು.

ಆ ವಾರ ಸೆಕೆ ಹೇಗಿತ್ತೆಂದರೆ ಗೋಡೆಯೂ ಬೆವರುತ್ತಿತ್ತು. ಒಂದು ಮಧ್ಯಾಹ್ನ ಗಾಳಿ ಸುತ್ತಿಕೊಂಡು ಬಂದು ಇಸ್ತ್ರಿ ಅಂಗಡಿಯ ಬಟ್ಟೆಗಳನ್ನೆಲ್ಲ ಬೀದಿಗೆ ಎಳೆಯಿತು. ಪಾರಿವಾಳಗಳು ಒಟ್ಟಿಗೆ ಎದ್ದು ಹಾರಿದವು. ಗುಮ್ಮಿ ತೊಟ್ಟಿಯ ಪಕ್ಕ ಹೋಗಿ ಪೈಪಿನ ತುದಿಯನ್ನು ಕೈಯಲ್ಲಿ ಹಿಡಿದು ಚರಂಡಿಯ ಕಡೆ ತಿರುಗಿಸಿದಳು.

ಆಮೇಲೆ ಆಕಾಶ ಬೋರಲು ಬಿತ್ತು.

ಶೀಟಿನ ಮೇಲೆ ಎಂಥ ಸದ್ದೆಂದರೆ ಅಮ್ಮ ಕೂಗಿದ್ದು ಪಕ್ಕದಲ್ಲಿದ್ದ ಅಜ್ಜಿಗೂ ಕೇಳಲಿಲ್ಲ. ವಾರಗಟ್ಟಲೆಯ ಧೂಳು, ಪುಕ್ಕ, ಹಿಕ್ಕೆ, ಒಣಗಿದ ಎಲೆ ಎಲ್ಲಾ ಇಳಿಜಾರು ಹಿಡಿದು ದೋಣಿಗೆ ಬಂತು, ದೋಣಿಯಿಂದ ಡಬ್ಬಕ್ಕೆ, ಡಬ್ಬದ ತಳದಿಂದ ಕೆಳಗಿನ ಬಾಯಿಗೆ. ಗೋಡೆಯಾಚೆ ದೊಡ್ಡಪ್ಪ ಚಪ್ಪಾಳೆ ತಟ್ಟುತ್ತಿದ್ದ. "ಹೇಗೆ ಬೀಳ್ತಾ ಇದೆ ನೋಡೇ! ಕೇಳು ಸದ್ದು! ಹಿರಿಯರಿಗೆ ಮೊದಲು!" ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ತಗಡಿನ ಕೊಳವೆ ಸಂಪಿನ ಮುಚ್ಚಳಕ್ಕೇ ಬೆಸೆದಿತ್ತು, ಅವನೇ ಬೆಸೆಸಿದ್ದು.

ಡಬ್ಬ ತುಂಬಿತು. ಗುಮ್ಮಿಯ ಕೈಯಲ್ಲಿ ಪೈಪು ನಡುಗಿ, ಮೊದಲು ಕಂದು ನೀರು ಕಾರಿತು. ಅವಳು ಅಂಗೈ ಒಡ್ಡಿ ನೋಡುತ್ತಾ ನಿಂತಳು. ಕಂದು ಹೋಗಿ ಹಳದಿಯಾಯಿತು, ಹಳದಿ ತಿಳಿಯಾಯಿತು, ಆಮೇಲೆ ಅಂಗೈಯ ಗೆರೆಗಳು ಕಂಡವು. ಆಗ ತುದಿಯನ್ನು ತೊಟ್ಟಿಯೊಳಗೆ ಇಳಿಸಿದಳು. ಅಪ್ಪ ಬಾಗಿಲಲ್ಲಿ ನೆನೆಯುತ್ತಾ ನಿಂತಿದ್ದ. ತೊಟ್ಟಿ ತುಂಬಿತು, ಹಂಡೆ ತುಂಬಿತು, ಬಕೆಟ್ಟು, ಕೊಳಗ, ಅಮ್ಮನ ಹಿಟ್ಟಿನ ಡಬ್ಬವೂ ತುಂಬಿತು. ಅಮ್ಮ ಬೈಯುವುದನ್ನು ಮರೆತು ಪಾತ್ರೆ ಹುಡುಕುತ್ತಿದ್ದಳು. ಅಜ್ಜಿ ಮಾತ್ರ ಮಂಚದ ಮೇಲೆ ಕೂತು, "ಸಾಕಾ ಕೂಸೇ? ಸಾಕಾ?" ಎಂದು ಕೇಳುತ್ತಲೇ ಇದ್ದಳು.

ಗುಮ್ಮಿಗೆ ಸಾಕಾಗಿರಲಿಲ್ಲ.

*

ಮರುದಿನ ಬೆಳಿಗ್ಗೆ ಬೀದಿಯೆಲ್ಲ ಕ್ಯಾನು ಹಿಡಿದು ಬಂತು. ಹೊಸ ಮಳೆಯ ನೀರು ಎಂದು ದೊಡ್ಡಪ್ಪ ಬೆಲೆ ಏರಿಸಿದ್ದ. ಪಂಪು ಹಾಕಿದ. ಫಿಲ್ಟರು ಒಂದು ಸಲ ಗೊರಗೊರ ಅಂದು ಕಟ್ಟಿಕೊಂಡಿತು. ಮಗ ಊರಲ್ಲಿಲ್ಲ. ಕಾಯುತ್ತಿದ್ದವರ ಗೊಣಗಾಟ ತಡೆಯಲಾರದೆ ಅವನು ಫಿಲ್ಟರು ಬಿಚ್ಚಿ ಪಕ್ಕಕ್ಕಿಟ್ಟು, ನೇರ ಸಂಪಿನಿಂದಲೇ ನಲ್ಲಿಗೆ ಬಿಟ್ಟ. ಬಿಳಿಯ ಕ್ಯಾನುಗಳಿಗೆ ಮುಚ್ಚಳ ಹಾಕಿ ಹಾಕಿ ಕಳಿಸಿದ.

ಒಂದು ಗಳಿಗೆಯೂ ಆಗಿರಲಿಲ್ಲ. ಇಸ್ತ್ರಿ ಅಂಗಡಿಯಾಕೆ ವಾಪಸು ಬಂದಳು. ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಒಂದು ಬಿಳಿ ಅಂಗಿ, ಅದರ ಮೇಲೆ ಹರಡಿದ ಕಂದು ಕಲೆ.

"ಏನ್ರೀ ಇದು? ಗಿರಾಕಿ ಅಂಗಿಗೆ ಚಿಮುಕಿಸಿದ್ರೆ ಪಾರಿವಾಳದ ಗೂಡಿನ ವಾಸನೆ! ಇದಾ ನಿಮ್ಮ ಮುಗಿಲ ಹನಿ?"

"ಹೊಸ ಮಳೆ ಅಮ್ಮ, ಸ್ವಲ್ಪ ಮಣ್ಣಿನ ವಾಸನೆ ಇರತ್ತೆ..."

"ಮಣ್ಣಿಗೆ ಪುಕ್ಕ ಇರತ್ತಾ?" ಅವಳು ಕ್ಯಾನಿನ ಮುಚ್ಚಳ ತೆಗೆದು, ಬಾಗಿಸಿ ಎಲ್ಲರಿಗೂ ತೋರಿಸಿದಳು. ಒಳಗೆ ಒಂದು ಬೂದು ಪುಕ್ಕ ದೋಣಿಯ ಹಾಗೆ ತೇಲುತ್ತಿತ್ತು. "ನನ್ನ ಕಾಸು ಕೊಡಿ. ನಿಮ್ಮ ನೀರು ನೀವೇ ಇಟ್ಕೊಳ್ಳಿ."

ಸಂಪಿನ ಪಕ್ಕದ ಕಿರುಮುಚ್ಚಳ ಸರಿಸಿ ಅವಳು ಕ್ಯಾನು ಬೋರಲು ಹಾಕಿದಳು.

ಗುಳುಗುಳು.

ತನ್ನ ಅಂಗಳದಲ್ಲಿ ನಿಂತಿದ್ದ ಗುಮ್ಮಿ ಕಣ್ಣು ಮುಚ್ಚಿಕೊಂಡಳು. ಇನ್ನೊಬ್ಬರು ಬಂದರು. ಗುಳುಗುಳು. ಟೀ ಅಂಗಡಿಯವನು ಬಂದ, ಬೈಯುತ್ತಲೇ ಬಂದ. ಗುಳುಗುಳು. ಒಬ್ಬೊಬ್ಬರೂ ಸಾಲಾಗಿ ನಿಂತು, ಹಿಂದೆ ಯಾವ ಸಾಲಿನಲ್ಲಿ ನಿಂತು ಅವಳನ್ನು ನೋಡಿದ್ದರೋ ಅದೇ ಸಾಲಿನಲ್ಲಿ, ವಾಪಸು ಸುರಿದು ಹೋದರು. ಅವತ್ತು ನಕ್ಕವನೂ ಇದ್ದ. ಬೋರ್ಡಿನ ಕೆಳಗೆ ಕುರ್ಚಿ ಖಾಲಿಯಾಗಿತ್ತು. ದೊಡ್ಡಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ.

ಸಂಜೆಗೆ ಅವನು ಗೋಡೆಯಾಚೆಯಿಂದ ಕೂಗಿದ. ದನಿ ಅಷ್ಟು ದೊಡ್ಡದಿರಲಿಲ್ಲ.

"ತಮ್ಮಾ, ಆ ಕೆಳಗಿನ ಬಾಯಿ ಬೆಸುಗೆ ಸ್ವಲ್ಪ ಬಿಚ್ಚಿಕೊಡಪ್ಪ."

"ನಾನೂ ಮುಟ್ಟಲ್ಲ, ನೀವೂ ಮುಟ್ಟಬಾರದು ಅಂತ ಆಗಿದೆಯಲ್ಲ ಅಣ್ಣ," ಅಂದ ಅಪ್ಪ. ಹೇಳಿದ ಮೇಲೆ ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆರಗಾದವನಂತೆ ಕೂತ. ಅಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಅವತ್ತು ಮೂರು ಪಾತ್ರೆಯ ಅಡುಗೆ ಆಗಿತ್ತು, ತಟ್ಟೆಯೂ ಬೇರೆ ಬೇರೆ.

ಫಿಲ್ಟರಣ್ಣ ಬರುವಷ್ಟರಲ್ಲಿ ಸಂಪು ನಾತ ಹೊಡೆಯುತ್ತಿತ್ತು. ಅವನು ಬೈಯಲಿಲ್ಲ, ನಗಲೂ ಇಲ್ಲ; ಸಂಪನ್ನು ಪೂರ್ತಿ ಖಾಲಿ ಮಾಡಿ ಉಜ್ಜಬೇಕು, ಫಿಲ್ಟರಿನ ಹೊಟ್ಟೆ ಹೊಸದಾಗಬೇಕು, ಅಲ್ಲಿಯವರೆಗೆ ನಲ್ಲಿ ತಿರುಗಿಸಬೇಡಿ ಎಂದು ಬೋರ್ಡು ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟ. ಬೀದಿಯ ನಲ್ಲಿ ಎಂದಿನಂತೆ ಸುಮ್ಮನಿತ್ತು. ಮಳೆ ಮತ್ತೆ ಮುಖ ತಿರುಗಿಸಿಕೊಂಡು ಹೋಗಿತ್ತು.

ನಾಲ್ಕನೆಯ ದಿನ ದೊಡ್ಡಮ್ಮ ಬಂದಳು.

ಸೊಂಟದ ಮೇಲೆ ಖಾಲಿ ಕೊಡ. ಬೀದಿಯಲ್ಲಿ ಜನ ಇರುವ ಹೊತ್ತು. ಇಸ್ತ್ರಿ ಅಂಗಡಿಯಾಕೆ ಕೈಯಲ್ಲಿದ್ದ ಪೆಟ್ಟಿಗೆಯನ್ನು ಬದಿಗಿಟ್ಟು ನೋಡಿದಳು. ದೊಡ್ಡಮ್ಮ ಅಂಗಳದಲ್ಲಿ ನಿಂತಳೇ ಹೊರತು ಏನೂ ಕೇಳಲಿಲ್ಲ. ಕೇಳುವ ಬಾಯಿ ಅವಳಿಗೆ ಅಭ್ಯಾಸವಿರಲಿಲ್ಲ.

"ಏನಕ್ಕಾ, ದಾರಿ ತಪ್ಪಿ ಬಂದ್ರಾ?" ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ಎಷ್ಟೋ ವರ್ಷದ ಮಾತುಗಳು ಅವಳ ಗಂಟಲಿಗೆ ಬಂದು ನಿಂತದ್ದು ಕಾಣುತ್ತಿತ್ತು. ಅಷ್ಟರಲ್ಲಿ ಗುಮ್ಮಿ ನಡುವೆ ಬಂದು ದೊಡ್ಡಮ್ಮನ ಸೊಂಟದಿಂದ ಕೊಡ ತೆಗೆದುಕೊಂಡಳು.

ತೊಟ್ಟಿಯ ಹತ್ತಿರ ಕೂತು ಚೊಂಬು ಚೊಂಬಾಗಿ ತುಂಬಿದಳು, ಕಂಠದವರೆಗೆ. ನೀರು ಕನ್ನಡಿಯ ಹಾಗಿತ್ತು. ಕೊಡ ಎತ್ತಿ ತೊಟ್ಟಿಯ ಅಂಚಿನ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಾಗಿಸಿದ ಹಾಗೆ ಮಾಡಿ ನಿಂತಳು. ದೊಡ್ಡಮ್ಮನ ಕಣ್ಣು ಆ ಕೈಗಳ ಮೇಲೇ ಇತ್ತು. ಮುಂದೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಮೊದಲೇ ಮುಖ ಗಟ್ಟಿ ಮಾಡಿಕೊಂಡು ನಿಂತಿದ್ದಳು.

ಗುಮ್ಮಿ ಸುರಿಯಲಿಲ್ಲ. ಕೊಡವನ್ನು ತಂದು, ದೊಡ್ಡಮ್ಮನ ಸೊಂಟದ ಮೇಲೆ ತಾನೇ ಕೂರಿಸಿ, ಅವಳ ಕೈಯನ್ನು ಕೊಡದ ಕುತ್ತಿಗೆಗೆ ಸುತ್ತಿಸಿದಳು.

"ದಿನಾ ಬನ್ನಿ ದೊಡ್ಡಮ್ಮ," ಎಂದಳು, ಬೀದಿಗೆಲ್ಲ ಕೇಳುವಷ್ಟು ಸ್ಪಷ್ಟವಾಗಿ. "ಅಭ್ಯಾಸ ಆಗಲಿ."

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ಅವತ್ತು ದೊಡ್ಡಮ್ಮನ ಸೊಂಟದ ಮೇಲೆ ಅದು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ತುಳುಕುತ್ತಲೇ ಹೋಯಿತು.